ಸೆರೆಮನೆಯ ದಫ್ತರು: ಕರ್ನಾಟಕದ ಕಾರಾಗೃಹ ಆಡಳಿತದ ಇತಿಹಾಸ

ಕನ್ನಡದಲ್ಲಿ ಸೆರೆಮನೆಗಿರುವ ಹೆಸರುಗಳನ್ನು ಒಂದು ಹಾಳೆಯ ಮೇಲೆ ಬರೆದಿಟ್ಟುಕೊಂಡರೆ ಈ ನಾಡನ್ನು ಆಳಿಹೋದವರ ಪಟ್ಟಿಯೇ ಸಿದ್ಧವಾಗುತ್ತದೆ. ಸೆರೆ ಎಂಬುದು ನಮ್ಮದೇ ಶಬ್ದ. ಹಳಗನ್ನಡದಲ್ಲಿ ಅದು ಶಕಟರೇಫದ ಸೆಱೆ. ತಮಿಳಿನಲ್ಲಿ ಇದರ ಸೋದರ ಶಬ್ದ ಸೆರೆವಾಸವನ್ನು ಹೇಳಿದರೆ, ಮಲಯಾಳದ ಚಿಱ ನೀರನ್ನು ತಡೆದು ನಿಲ್ಲಿಸುವ ಕಟ್ಟೆಗೆ ಹೆಸರು. ಹರಿಯುವುದನ್ನು ತಡೆಯುವುದೇ ಇಲ್ಲಿನ ಮೂಲ ಅರ್ಥವೆಂದು ತೋರುತ್ತದೆ. ಕಾರಾಗೃಹ, ಬಂಧನಾಗಾರಗಳು ಸಂಸ್ಕೃತದಿಂದ ಬಂದವು. ಬಂದೀಖಾನೆಯ ಖಾನೆ ಪಾರಸಿಯದು; ಸಜೆಯೂ ದರೋಗನೂ ಅದೇ ದಾರಿಯಿಂದ ಬಂದವರು. ಖೈದಿ ಅರಬ್ಬಿ ಮೂಲದವನು. ಧಾರವಾಡ, ಬೆಳಗಾವಿ ಕಡೆಯ ಹಿರಿಯರು ಇಂದಿಗೂ ತುರಂಗ ಎನ್ನುತ್ತಾರೆ. ಹಳಗನ್ನಡ ಕಾವ್ಯವನ್ನು ಓದುವ ವಿದ್ಯಾರ್ಥಿ ಈ ಶಬ್ದವನ್ನು ಕಂಡು ಕುದುರೆಯೆಂದು ಅರ್ಥ ಮಾಡಿಯಾನು. ಆದರೆ ಈ ತುರಂಗ ಮರಾಠಿಯ ತುರುಂಗದ ಮೂಲಕ ಬಂದ ಪೋರ್ಚುಗೀಸರ ಟ್ರಾಂಕೊ. ಅಪರಾಧಿಯ ಕಾಲನ್ನು ಸಿಕ್ಕಿಸಿಡುತ್ತಿದ್ದ ಮರದ ದಿಮ್ಮಿಗೆ ಆ ಹೆಸರು. ಕೊನೆಗೆ ಬಂದದ್ದು ಜೈಲು. ಅದು ಹಳ್ಳಿಯ ಮಾತಿನಲ್ಲೂ ಬೇರೂರಿ, ಅಲ್ಲಿಗೆ ಹೋಗುವುದು ಮಾವನ ಮನೆಗೆ ಹೋಗುವುದೆಂಬ, ಅಲ್ಲಿರುವುದು ಕಂಬಿ ಎಣಿಸುವುದೆಂಬ ನುಡಿಗಟ್ಟುಗಳನ್ನೂ ಪಡೆಯಿತು. ಸರ್ಕಾರಿ ಕಾಗದದಲ್ಲಿ ಈಗಿನ ಹೆಸರು ಕಾರಾಗೃಹ ಮತ್ತು ಸುಧಾರಣಾ ಸೇವೆಗಳ ಇಲಾಖೆ.

ಸೆರೆಮನೆಯನ್ನು ಕುರಿತ ನಮ್ಮ ಬರವಣಿಗೆ ಬಹುಮಟ್ಟಿಗೆ ಸೆರೆಯಾಳುಗಳ ಬರವಣಿಗೆ. ಸ್ವಾತಂತ್ರ್ಯ ಹೋರಾಟಗಾರರ ಆತ್ಮಕಥನಗಳು, ದಿನಚರಿಗಳು, ಜೈಲಿನಲ್ಲಿ ಹುಟ್ಟಿದ ಗ್ರಂಥಗಳು ಇವುಗಳಲ್ಲಿ ಸೇರುತ್ತವೆ. ಮಂಡಾಲೆಯ ಸೆರೆಯಲ್ಲಿ ತಿಲಕರು ಬರೆದ ಗೀತಾರಹಸ್ಯವನ್ನು ಆಲೂರು ವೆಂಕಟರಾಯರು ಕನ್ನಡಕ್ಕೆ ತಂದ ಸಂಗತಿ ಸಾಹಿತ್ಯದ ವಿದ್ಯಾರ್ಥಿಗಳಿಗೆ ತಿಳಿದದ್ದೇ. ಆದರೆ ಸೆರೆಯಾಳಿನ ಎದುರಿಗೆ ಕುಳಿತು ಅವನ ಹೆಸರು, ತಂದೆಯ ಹೆಸರು, ಜಾತಿ, ತೂಕ, ಶಿಕ್ಷೆಯ ಅವಧಿಗಳನ್ನು ಬರೆದುಕೊಂಡ ಕಾರಕೂನನ ಇತಿಹಾಸವನ್ನು ನಾವು ಅಷ್ಟಾಗಿ ಗಮನಿಸಿಲ್ಲ. ಆ ದಫ್ತರಿನ ಕಥೆಯೇ ಇಲ್ಲಿನ ವಿಷಯ.

ಕಲಬುರಗಿ ಜಿಲ್ಲೆಯ ಸನ್ನತಿಯಿಂದ ಇದನ್ನು ಆರಂಭಿಸಬೇಕು. 1989ರಲ್ಲಿ ಅಲ್ಲಿನ ಚಂದ್ರಲಾಂಬಾ ದೇಗುಲದ ಆವರಣದಲ್ಲಿ, ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯೊಂದು ಅಶೋಕನ ಶಾಸನವೆಂದು ತಿಳಿದುಬಂತು. ಅದರಲ್ಲಿ ಶಿಲಾಶಾಸನಗಳ 12 ಮತ್ತು 14ನೆಯ ಪಾಠಗಳ ಜೊತೆಗೆ, ಅದುವರೆಗೆ ಕಳಿಂಗದ ಧೌಲಿ, ಜೌಗಡಗಳಲ್ಲಿ ಮಾತ್ರ ದೊರೆತಿದ್ದ ಎರಡು ಪ್ರತ್ಯೇಕ ಶಾಸನಗಳ ಭಾಗಗಳೂ ಇವೆ. ಈ ಪ್ರತ್ಯೇಕ ಶಾಸನಗಳಲ್ಲಿ ಮೊದಲನೆಯದು ನಗರದ ನ್ಯಾಯಾಧಿಕಾರಿಗಳಿಗೆ ಕೊಟ್ಟ ಆಜ್ಞೆ. ನ್ಯಾಯ ನಡೆಸುವಾಗ ಯಾರೋ ಒಬ್ಬನು ಕಾರಣವಿಲ್ಲದೆ ಬಂಧನಕ್ಕೋ ಹಿಂಸೆಗೋ ಗುರಿಯಾಗುತ್ತಾನೆ. ಅವನಿಂದಾಗಿ ಇನ್ನೂ ಹಲವರು ನೋಯುತ್ತಾರೆ. ಅಸೂಯೆ, ಕೋಪ, ಆತುರ, ಆಲಸ್ಯ, ಬಳಲಿಕೆಗಳಿಂದ ಹೀಗಾಗುವುದನ್ನು ನೀವು ತಡೆಯಬೇಕು ಎಂಬುದು ಅದರ ತಾತ್ಪರ್ಯ. ಇದು ಪಾಲನೆಯಾಗುತ್ತಿದೆಯೇ ಎಂದು ನೋಡಲು ಐದು ವರ್ಷಕ್ಕೊಮ್ಮೆ ಅಧಿಕಾರಿಯನ್ನು ಸಂಚಾರಕ್ಕೆ ಕಳುಹಿಸುವುದಾಗಿಯೂ ಅಲ್ಲಿ ಹೇಳಿದೆ. ಬಳಲಿಕೆಯನ್ನೂ ಆಡಳಿತದ ದೋಷಗಳ ಸಾಲಿನಲ್ಲಿ ಎಣಿಸಿದ ಈ ಶಾಸನ ಧರ್ಮೋಪದೇಶಕ್ಕಿಂತ ಹೆಚ್ಚಾಗಿ ಕಚೇರಿಯ ಸುತ್ತೋಲೆಯಂತೆ ಓದಿಸಿಕೊಳ್ಳುತ್ತದೆ. ಕನ್ನಡ ನೆಲದಲ್ಲಿ ಸೆರೆಯ ಆಡಳಿತವನ್ನು ಕುರಿತು ದೊರೆಯುವ ಅತಿ ಹಳೆಯ ಬರಹ ಇದೇ.

ಅಶೋಕನ ಕಾಲಕ್ಕೆ ಬಂಧನಾಗಾರವಿತ್ತು ಎಂದ ಮಾತ್ರಕ್ಕೆ ಸೆರೆವಾಸವೇ ಮುಖ್ಯ ಶಿಕ್ಷೆಯಾಗಿತ್ತೆಂದು ಭಾವಿಸಲಾಗದು. ಕೌಟಿಲ್ಯನ ಅರ್ಥಶಾಸ್ತ್ರವು ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಕಟ್ಟಡಗಳುಳ್ಳ ಬಂಧನಾಗಾರವನ್ನು ವಿಧಿಸುತ್ತದೆ. ಬಾಲರು, ವೃದ್ಧರು, ರೋಗಿಗಳು, ಅನಾಥರನ್ನು ರಾಜನ ಜನ್ಮನಕ್ಷತ್ರದಂದೂ ಹುಣ್ಣಿಮೆಗಳಂದೂ ಬಿಡಬೇಕೆನ್ನುತ್ತದೆ. ಆದರೆ ಅಪರಾಧಕ್ಕೆ ತಕ್ಕ ದಂಡನೆಗಳನ್ನು ಹೇಳುವಾಗ ಅಲ್ಲಿ ಮೊದಲ ಸ್ಥಾನ ಹಣಕ್ಕೆ, ಎರಡನೆಯದು ಅಂಗಚ್ಛೇದ ಮತ್ತು ವಧೆಗಳಿಗೆ. ನಮ್ಮ ಶಾಸನಗಳ ಸಾಕ್ಷ್ಯವೂ ಇದಕ್ಕೆ ಹೊಂದುತ್ತದೆ. ಚಾಲುಕ್ಯ ಯುವರಾಜ ವಿಕ್ರಮಾದಿತ್ಯನು ಎಂಟನೆಯ ಶತಮಾನದಲ್ಲಿ ಪುಲಿಗೆರೆಯ ಮಹಾಜನ, ನಗರ ಮತ್ತು ಹದಿನೆಂಟು ಪ್ರಕೃತಿಗಳಿಗೆ ಮಾಡಿಕೊಟ್ಟ ಆಚಾರವ್ಯವಸ್ಥೆಯ ಶಾಸನ ಲಕ್ಷ್ಮೇಶ್ವರದಲ್ಲಿದೆ. ಶಂಖಬಸದಿಯ ಊರು ಅದು. ತಿರುಳ್ಗನ್ನಡದ ನೆಲೆಯೆಂದು ಖ್ಯಾತವಾದದ್ದು. ತೆರಿಗೆ ಮತ್ತು ತಪ್ಪುಗಳ ದಂಡವೇ ಆ ವ್ಯವಸ್ಥೆಯ ವಸ್ತು. ದಾನಶಾಸನಗಳಲ್ಲಿ ದಂಡದೋಷದ ಹಕ್ಕನ್ನು ಊರಿನೊಂದಿಗೇ ಬಿಟ್ಟುಕೊಡುವುದು ವಾಡಿಕೆ. ತಪ್ಪು ಮಾಡಿದವನು ಆದಾಯದ ಮೂಲವಾಗಿದ್ದ. ಅವನನ್ನು ಕೂಡಿಹಾಕಿ ಅನ್ನವಿಕ್ಕುವುದು ನಷ್ಟದ ವ್ಯವಹಾರ.

ಕಾವ್ಯ ಕಥೆಗಳನ್ನು ನೋಡಿದರೂ ಇದೇ ಚಿತ್ರ. ವಡ್ಡಾರಾಧನೆಯ ವಿದ್ಯುಚ್ಚೋರನ ಕಥೆಯಲ್ಲಿ ತಳಾರ ಯಮದಂಡನು ಸಿಕ್ಕಿಬಿದ್ದ ಕಳ್ಳನಿಗೆ ನಾನಾ ಬಗೆಯ ದಂಡನೆಗಳನ್ನು ಒಂದೇ ರಾತ್ರಿಯಲ್ಲಿ ಮಾಡಿಸುತ್ತಾನೆ. ಇಷ್ಟು ವರ್ಷ ಸೆರೆಯಲ್ಲಿರು ಎಂಬ ಮಾತು ಅಲ್ಲಿ ಬರುವುದಿಲ್ಲ. ಜೈನ ಕಥಾಸಾಹಿತ್ಯದಲ್ಲಿ ದೀರ್ಘಕಾಲ ಸೆರೆಯಲ್ಲಿ ಕೊಳೆಯುವವರು ರಾಜರು. ಕಂಸನು ಸೆರೆಯಲ್ಲಿಟ್ಟ ಉಗ್ರಸೇನ, ಮಗ ಕೂಣಿಕನಿಂದ ಬಂಧಿತನಾದ ಶ್ರೇಣಿಕ ಇವರಿಗೆ ಉದಾಹರಣೆ. ಸಂಕಲೆಯನ್ನು ಒಡೆಯಲು ಕೊಡಲಿ ಹಿಡಿದು ಬಂದ ಮಗನನ್ನು ಕೊಲ್ಲಬಂದವನೆಂದು ತಿಳಿದು ಶ್ರೇಣಿಕನು ಪ್ರಾಣ ಕಳೆದುಕೊಂಡ ಪ್ರಸಂಗ ಪ್ರಸಿದ್ಧವಾಗಿದೆ. ಭಕ್ತಾಮರ ಸ್ತೋತ್ರದ ಐತಿಹ್ಯದಲ್ಲಿ ಮಾನತುಂಗಾಚಾರ್ಯರನ್ನು ಕೂಡಿಹಾಕಿದ ಬೀಗಗಳು ಒಂದೊಂದು ಪದ್ಯಕ್ಕೆ ಒಂದೊಂದಾಗಿ ಕಳಚಿದವಂತೆ. ಇವೆಲ್ಲ ರಾಜಕೋಪದ ಸೆರೆಗಳು. ಕಾಲವನ್ನು ಅಳೆದು ಕೊಡುವ ಶಿಕ್ಷೆ ಇವುಗಳಲ್ಲಿ ಯಾವುದೂ ಅಲ್ಲ.

ಈ ಬಗೆಯ ಸೆರೆಗೆ ಪ್ರತ್ಯೇಕ ಇಲಾಖೆ ಬೇಕಿರಲಿಲ್ಲ, ಕೋಟೆ ಸಾಕಾಗಿತ್ತು. 1763ರಲ್ಲಿ ಬಿದನೂರು ಬಿದ್ದಾಗ ಹೈದರನು ಕೆಳದಿಯ ರಾಣಿ ವೀರಮ್ಮಾಜಿಯನ್ನು ಮಧುಗಿರಿಯ ಕೋಟೆಯಲ್ಲಿಟ್ಟ. 1779ರಲ್ಲಿ ಚಿತ್ರದುರ್ಗದ ಮದಕರಿನಾಯಕ ಶ್ರೀರಂಗಪಟ್ಟಣಕ್ಕೆ ಸೆರೆಯಾಳಾಗಿ ಹೋದ. ಅದೇ ಪಟ್ಟಣದಲ್ಲಿ ಕರ್ನಲ್ ಬೇಲಿ 1782ರಲ್ಲಿ ಬಂಧನದಲ್ಲಿಯೇ ಸತ್ತ. ಪ್ರವಾಸಿಗರು ಇಂದು ನೋಡುವ ನೆಲಮಾಳಿಗೆಗೆ ಅವನ ಹೆಸರೇ ಅಂಟಿಕೊಂಡಿದೆ. ಕಬ್ಬಾಳದುರ್ಗದ ಬೆಟ್ಟಕ್ಕೆ ಕಳುಹಿಸುವುದೆಂದರೆ ಅಲ್ಲಿನ ಕೆಟ್ಟ ನೀರು ಕುಡಿದು ಸಾಯಲು ಕಳುಹಿಸುವುದೆಂದೇ ಜನ ತಿಳಿದಿದ್ದರು. ಇಂಗ್ಲಿಷರೂ ಮೊದಮೊದಲು ಇದನ್ನೇ ಮುಂದುವರಿಸಿದರು. ಕಿತ್ತೂರಿನ ರಾಣಿ ಚೆನ್ನಮ್ಮ 1829ರಲ್ಲಿ ಕೊನೆಯುಸಿರೆಳೆದದ್ದು ಬೈಲಹೊಂಗಲದ ಕೋಟೆಯಲ್ಲಿ. ಮಡಿಕೇರಿಯ ಕೋಟೆಯೊಳಗೆ ಮುಂದೆ ಜೈಲೇ ನಡೆಯಿತು.

ಇಲಾಖೆಯ ಹುಟ್ಟಿಗೆ ಒಂದು ತಾರೀಖು ಬೇಕೆಂದರೆ 1835ನ್ನು ಹಿಡಿಯಬಹುದು. ನಮ್ಮ ಶಿಕ್ಷಣದ ಚರ್ಚೆಗಳಲ್ಲಿ ಮತ್ತೆ ಮತ್ತೆ ಬಂದುಹೋಗುವ ಮೆಕಾಲೆ ಅದೇ ವರ್ಷದ ಕೊನೆಯಲ್ಲಿ ಜೈಲುಗಳ ಬಗೆಗೂ ಒಂದು ಟಿಪ್ಪಣಿ ಬರೆದ. ಅದರ ಫಲವಾಗಿ ನೇಮಕವಾದ ಕಾರಾಗೃಹ ಶಿಸ್ತಿನ ಸಮಿತಿಯಲ್ಲಿ ಅವನೂ ಸದಸ್ಯನಾಗಿದ್ದ. ವರದಿ ಬಂದದ್ದು 1838ರಲ್ಲಿ. ಅದುವರೆಗೆ ಕಂಪನಿಯ ಸೀಮೆಗಳಲ್ಲಿ ಕೈದಿಗಳೆಂದರೆ ಕಾಲಿಗೆ ಬೇಡಿ ತೊಟ್ಟು ರಸ್ತೆ ಮಾಡುವ ಕೂಲಿಗಳು. ಸಮಿತಿ ಇದನ್ನು ಖಂಡಿಸಿತು. ಕೈದಿಗಳ ಮೇಲಿನ ಕರುಣೆ ಇದಕ್ಕೆ ಕಾರಣವಲ್ಲ. ಬಯಲಿನ ಕೆಲಸದಲ್ಲಿ ಶಿಸ್ತು ಉಳಿಯುವುದಿಲ್ಲ, ಕೈದಿಗೆ ಬೇಸರವೂ ಆಗುವುದಿಲ್ಲ ಎಂಬುದೇ ಅದರ ಆಕ್ಷೇಪ. ಗೋಡೆಯೊಳಗೆ ಕೂಡಿಸಿ ಏಕತಾನದ, ನೀರಸವಾದ ಕೆಲಸ ಕೊಡಬೇಕು. ಒಂದು ವರ್ಷಕ್ಕೆ ಮೇಲ್ಪಟ್ಟ ಶಿಕ್ಷೆಯವರಿಗೆ ಕೇಂದ್ರ ಕಾರಾಗೃಹಗಳನ್ನು ಕಟ್ಟಬೇಕು. ಪ್ರಾಂತಕ್ಕೊಬ್ಬ ಇನ್‌ಸ್ಪೆಕ್ಟರ್ ಜನರಲ್ ಇರಬೇಕು. ಈ ಮೂರು ಸೂಚನೆಗಳ ಮೇಲೆಯೇ ಮುಂದಿನ ನೂರೈವತ್ತು ವರ್ಷಗಳ ಆಡಳಿತ ನಿಂತಿತು. ಇನ್‌ಸ್ಪೆಕ್ಟರ್ ಜನರಲ್ ಹುದ್ದೆ ಮೊದಲು ಸೃಷ್ಟಿಯಾದದ್ದು 1844ರಲ್ಲಿ, ವಾಯವ್ಯ ಪ್ರಾಂತಗಳಲ್ಲಿ.

ಶಿಸ್ತು ಮೊದಲು ಕೈಹಾಕಿದ್ದು ಅಡುಗೆಮನೆಗೆ. ಅದುವರೆಗೆ ಕೈದಿಗೆ ದಿನಭತ್ಯೆಯೋ ದವಸವೋ ದೊರೆಯುತ್ತಿತ್ತು, ಅವನವನೇ ಬೇಯಿಸಿಕೊಳ್ಳುತ್ತಿದ್ದ. ಅದನ್ನು ನಿಲ್ಲಿಸಿ ಸಾಮೂಹಿಕ ಅಡುಗೆಯನ್ನು ತಂದಾಗ ಬಿಹಾರದ ಜೈಲುಗಳಲ್ಲಿ ದಂಗೆಗಳಾದವು. 1855ರಲ್ಲಿ ಆರಾ ಮತ್ತು ಮುಜಫ್ಫರಪುರಗಳಲ್ಲಿ ಹಿತ್ತಾಳೆಯ ಲೋಟಾಗಳನ್ನು ಕಿತ್ತುಕೊಂಡು ಮಣ್ಣಿನ ಪಾತ್ರೆ ಕೊಡಹೋದಾಗ ಊರಿನವರೂ ಕೈದಿಗಳ ಪರವಾಗಿ ಜೈಲಿನ ಬಾಗಿಲಿಗೆ ಬಂದರು, ಲೋಟಾಗಳನ್ನು ಮರಳಿಸಬೇಕಾಯಿತು. ಎರಡೇ ವರ್ಷಗಳಲ್ಲಿ ಮೀರತ್‌ನ ಸಿಪಾಯಿಗಳು ತಮ್ಮ 85 ಮಂದಿ ಜೊತೆಗಾರರನ್ನು ಬಿಡಿಸಲು ಜೈಲನ್ನು ಒಡೆದರು. ಇದರ ನಂತರ ಸರ್ಕಾರ ಕಲಿತ ಪಾಠ ವಿಚಿತ್ರವಾದದ್ದು. ಅಡುಗೆ ಸಾಮೂಹಿಕವಾಗಿಯೇ ಉಳಿಯಿತು, ಆದರೆ ಅಡುಗೆ ಮಾಡುವವನ ಜಾತಿ ಹೊರಗಿನ ಸಮಾಜಕ್ಕೆ ಒಪ್ಪಿಗೆಯಾಗುವಂತಿರಬೇಕೆಂಬ, ಕಸಗುಡಿಸುವ ಕೆಲಸಕ್ಕೆ ಅದನ್ನು ಕುಲಕಸುಬಾಗಿ ಮಾಡುವವರನ್ನೇ ಹಾಕಬೇಕೆಂಬ ನಿಯಮಗಳು ಹಲವು ಪ್ರಾಂತಗಳ ಕೈಪಿಡಿಗಳೊಳಗೆ ಸೇರಿಕೊಂಡವು. ಜಾತಿಯನ್ನು ಜೈಲಿಗೆ ತಂದವರು ಇಂಗ್ಲಿಷರಲ್ಲ. ಅದನ್ನು ಜೈಲಿನ ಲಿಖಿತ ನಿಯಮವಾಗಿ ಮಾಡಿದವರು ಅವರು.

ಊಟದ ಮಾತು ಬಂದದ್ದರಿಂದ ಒಂದು ವಿಷಯಾಂತರ. ಭಾರತದ ಜೈಲುಗಳಲ್ಲಿ ಕತ್ತಲಾಗುವ ಮುನ್ನ ಕೈದಿಗಳನ್ನು ಬ್ಯಾರಕ್‌ಗಳಿಗೆ ಸೇರಿಸಿ ಬೀಗ ಹಾಕುವುದು ಹಳೆಯ ಪದ್ಧತಿ. ಹಾಗಾಗಿ ರಾತ್ರಿಯೂಟವನ್ನು ಹೊತ್ತು ಮುಳುಗುವ ಮೊದಲೇ ಬಡಿಸಿಬಿಡುತ್ತಾರೆ. ಶ್ರಾವಕನು ವ್ರತವಾಗಿ ಪಾಲಿಸುವ ಅನಸ್ತಮಿತವನ್ನು ಇಲ್ಲಿ ಕಾವಲಿನ ಅನುಕೂಲಕ್ಕಾಗಿ ಎಲ್ಲರೂ ಪಾಲಿಸಬೇಕು.

1864ರ ಎರಡನೆಯ ಸಮಿತಿ ಜೈಲುಗಳಲ್ಲಿ ಸಾಯುತ್ತಿದ್ದವರ ಸಂಖ್ಯೆಯಿಂದ ಬೆಚ್ಚಿತ್ತು. ಪ್ರತಿ ಕೈದಿಗೆ 54 ಚದರ ಅಡಿ ನೆಲ, 640 ಘನ ಅಡಿ ಗಾಳಿ ಎಂಬ ಅಳತೆಯನ್ನು ಅದು ಗೊತ್ತುಮಾಡಿತು. ಆ ಕಾಲದ ಜೈಲು ಆಡಳಿತ ವೈದ್ಯರ ಕೈಯಲ್ಲಿತ್ತು ಎಂಬುದನ್ನು ಮರೆಯಬಾರದು. ಜಿಲ್ಲಾ ಜೈಲಿನ ಸೂಪರಿಂಟೆಂಡೆಂಟ್ ಎಂದರೆ ಸಾಮಾನ್ಯವಾಗಿ ಅಲ್ಲಿನ ಸಿವಿಲ್ ಸರ್ಜನ್. ಬಂಗಾಳದ ಪ್ರಸಿದ್ಧ ಇನ್‌ಸ್ಪೆಕ್ಟರ್ ಜನರಲ್ ಮೌವಟ್ ಕೂಡ ವೈದ್ಯನೇ. ವಾರ್ಷಿಕ ವರದಿಗಳಲ್ಲಿ ದಿನದ ಸರಾಸರಿ ಕೈದಿಗಳು, ಸತ್ತವರು, ತೂಕ ಇಳಿದವರು, ತಲೆಗೆ ತಗುಲಿದ ಊಟದ ವೆಚ್ಚ, ದುಡಿಮೆಯಿಂದ ಬಂದ ಆದಾಯ ಇವೆಲ್ಲ ಕೋಷ್ಟಕಗಳಾಗಿ ತುಂಬಿಕೊಂಡದ್ದು ಈ ಕಾರಣದಿಂದ. ಒಬ್ಬ ಕೈದಿ ಯಾಕೆ ಕದ್ದ ಎಂಬುದನ್ನು ಆ ವರದಿಗಳಲ್ಲಿ ಹುಡುಕಬಾರದು; ಅವನು ಎಷ್ಟು ಔನ್ಸು ರಾಗಿ ತಿಂದ ಎಂಬುದು ಸಿಕ್ಕೀತು.

ಈ ಎಲ್ಲ ಅನುಭವವೂ 1894ರ ಕಾರಾಗೃಹ ಕಾಯಿದೆಯಾಗಿ ಹೆಪ್ಪುಗಟ್ಟಿತು. ಗಂಡಸರು ಹೆಂಗಸರು, ಎಳೆಯರು ಬೆಳೆದವರು, ಶಿಕ್ಷಿತರು ವಿಚಾರಣಾಧೀನರು, ಸಿವಿಲ್ ಕೈದಿಗಳು ಇವರನ್ನೆಲ್ಲ ಬೇರೆ ಬೇರೆ ಇರಿಸುವುದು, ಜೈಲಿನೊಳಗಿನ ಅಪರಾಧಗಳು, ಅವಕ್ಕೆ ಮೂವತ್ತರವರೆಗೆ ಛಡಿಯೇಟುಗಳೂ ಸೇರಿದ ಶಿಕ್ಷೆಗಳು ಹೀಗೆ ಎಲ್ಲವನ್ನೂ ಕಾಯಿದೆ ವಿವರಿಸಿತು. ಕೈದಿಗಳನ್ನೇ ಕಾವಲುಗಾರರನ್ನಾಗಿ ನೇಮಿಸಿದರೆ ಅವರನ್ನು ಸಾರ್ವಜನಿಕ ನೌಕರರೆಂದು ಎಣಿಸಬೇಕೆಂದಿತು. ಮಿಕ್ಕ ವಿವರಗಳನ್ನು 59ನೆಯ ಕಲಮಿನ ಮೂಲಕ ಪ್ರಾಂತ ಸರ್ಕಾರಗಳಿಗೆ ಬಿಟ್ಟಿತು. ಕೈದಿಯ ದಿನನಿತ್ಯದ ಬದುಕನ್ನು ನಿರ್ಧರಿಸುವ ಕೈಪಿಡಿಗಳು ಹುಟ್ಟಿದ್ದು ಈ ಅಧಿಕಾರದಿಂದ. ನ್ಯಾಯಾಧೀಶನು ಎಷ್ಟು ಕಾಲ ಎಂದಷ್ಟೇ ಹೇಳುತ್ತಾನೆ. ಆ ಕಾಲ ಹೇಗೆ ಕಳೆಯುತ್ತದೆ ಎಂಬುದನ್ನು ಹೇಳುವವನು ಕೈಪಿಡಿ ಬರೆದ ಅಧಿಕಾರಿ.

ತತ್ತ್ವಾರ್ಥಸೂತ್ರದ ಎಂಟನೆಯ ಅಧ್ಯಾಯವನ್ನು ಓದಿದವರಿಗೆ ಜೈಲಿನ ದಾಖಲೆ ಪುಸ್ತಕ ಅಷ್ಟೇನೂ ಅಪರಿಚಿತವೆನಿಸದು. ಅಲ್ಲಿ ಬಂಧ ನಾಲ್ಕು ಬಗೆ: ಪ್ರಕೃತಿ, ಸ್ಥಿತಿ, ಅನುಭಾಗ, ಪ್ರದೇಶ. ಜೈಲಿನಲ್ಲೂ ಅಪರಾಧದ ಬಗೆ, ಅದರ ಅವಧಿ, ಸಾದಾ ಕಠಿಣ ಎಂಬ ತೀವ್ರತೆ ಇವುಗಳನ್ನು ಮೊದಲು ಬರೆದುಕೊಳ್ಳುತ್ತಾರೆ. ಸನ್ನಡತೆಗೆ ದೊರೆಯುವ ಮಾಫಿ ನಿರ್ಜರೆಯಂತೆ ಅವಧಿಯನ್ನು ಸವೆಸುತ್ತದೆ. ಹೋಲಿಕೆ ವಿನೋದಕ್ಕೆ ಮಾತ್ರ. ಕರ್ಮಕ್ಕೆ ಕಾರಕೂನನಿಲ್ಲ, ಅಲ್ಲಿ ವಿಚಾರಣೆಗೆ ಮುನ್ನ ಬಂಧವೂ ಇಲ್ಲ.

ಮೈಸೂರಿನ ಕಥೆ ಇದಕ್ಕೆ ಸಮಾನಾಂತರವಾದರೂ ತುಸು ಬೇರೆ. 1831ರಿಂದ 1881ರವರೆಗಿನ ಕಮಿಷನರ ಆಳ್ವಿಕೆಯ ಕಾಲದಲ್ಲಿಯೇ ಬೆಂಗಳೂರಿನ ಸೆಂಟ್ರಲ್ ಜೈಲು ಎದ್ದಿತು. 1862ರಲ್ಲಿ ಬಂದ ಬೌರಿಂಗ್ ಸಂಸ್ಥಾನವನ್ನು ಮೂರು ವಿಭಾಗ, ಎಂಟು ಜಿಲ್ಲೆಗಳಾಗಿ ಮರುಹೊಂದಿಸಿದ ದಶಕ ಅದು; ಅಠಾರಾ ಕಚೇರಿ ಕಟ್ಟಿದ್ದೂ ಆಗಲೇ. ಕಚೇರಿಯೂ ಜೈಲೂ ಒಂದೇ ಆಡಳಿತ ಕಲ್ಪನೆಯ ಎರಡು ಕಟ್ಟಡಗಳೆಂದು ನೋಡಬೇಕು. ಜೈಲಿನ ನಡುವೆ ನಿಂತ ಕಾವಲು ಗೋಪುರವನ್ನು ನೋಡಿ ಬೆಂಥಾಮನ ಸರ್ವದರ್ಶಿ ಸೆರೆಮನೆಯನ್ನು ನೆನೆಯುವುದು ಈಚಿನ ಸಂಶೋಧನ ಲೇಖನಗಳಲ್ಲಿ ರೂಢಿಯಾಗಿದೆ. ಈ ಹೋಲಿಕೆಯಲ್ಲಿ ಎಚ್ಚರ ಬೇಕು. ಬೆಂಥಾಮನದು ಒಬ್ಬೊಬ್ಬನನ್ನು ಒಂದೊಂದು ಕೋಣೆಯಲ್ಲಿಟ್ಟು ಹಗಲೂ ರಾತ್ರಿಯೂ ನೋಡುವ ಯೋಜನೆ. ನಮ್ಮಲ್ಲಿನ ಜೈಲುಗಳು ಬಹುಮಟ್ಟಿಗೆ ಹತ್ತಾರು ಜನ ಒಟ್ಟಿಗೆ ಮಲಗುವ ಬ್ಯಾರಕ್‌ಗಳು. ಗೋಪುರದಿಂದ ಅಂಗಳ ಕಾಣುತ್ತದೆ, ಬ್ಯಾರಕ್ಕಿನ ಒಳಗು ಕಾಣುವುದಿಲ್ಲ. ರಾತ್ರಿ ಅಲ್ಲಿ ನಡೆಯುತ್ತಿದ್ದ ಆಡಳಿತ ಕೈದಿ ಕಾವಲುಗಾರರದೇ.

1881ರ ನಂತರ ಈ ಜೈಲು ಮಹಾರಾಜರ ಸರ್ಕಾರದ್ದಾಯಿತು. ಇದನ್ನು ಒತ್ತಿ ಹೇಳಬೇಕಾದ ಕಾರಣ ಈಸೂರು. 1942ರ ಸೆಪ್ಟೆಂಬರಿನಲ್ಲಿ ಶಿಕಾರಿಪುರ ತಾಲ್ಲೂಕಿನ ಆ ಹಳ್ಳಿಯಲ್ಲಿ ಅಮಲ್ದಾರ ಮತ್ತು ಸಬ್ ಇನ್‌ಸ್ಪೆಕ್ಟರ್ ಹತರಾದರು. 1943ರ ಮಾರ್ಚ್ ತಿಂಗಳಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ಗಲ್ಲು ಬ್ರಿಟಿಷರದೆಂದು ನಮ್ಮ ಪಾಠಗಳು ಸರಳವಾಗಿ ಹೇಳಿಬಿಡುತ್ತವೆ. ಆದೇಶ, ಜೈಲು, ಹಗ್ಗ ಎಲ್ಲವೂ ಮೈಸೂರು ಸರ್ಕಾರದವು. ಸಂಸ್ಥಾನದ ಆಡಳಿತವನ್ನು ಮಾದರಿಯೆಂದು ಹೊಗಳುವವರು ಈ ಪುಟವನ್ನೂ ಓದಬೇಕಾಗುತ್ತದೆ.

ಬ್ರಿಟಿಷ್ ಭಾರತದಲ್ಲಿ ಕಾರ್ಡ್ಯೂ ಅಧ್ಯಕ್ಷತೆಯ 1919-20ರ ಸಮಿತಿ ಕೈದಿಯ ಸುಧಾರಣೆಯೇ ಜೈಲಿನ ಗುರಿಯೆಂದು ಮೊದಲ ಬಾರಿಗೆ ಸ್ಪಷ್ಟವಾಗಿ ಒಪ್ಪಿಕೊಂಡಿತು. ಧಾರವಾಡದ ಬಾರ್ಸ್ಟಲ್ ಶಾಲೆಯಂತಹ ಕಿಶೋರರ ಸಂಸ್ಥೆಗಳು ಈ ಚಿಂತನೆಯ ಫಲ. 1923ರಲ್ಲಿ ಬೆಳಗಾವಿಯ ಹಿಂಡಲಗಾ ಜೈಲು ನಿರ್ಮಾಣವಾಯಿತು. ಮದರಾಸು ಪ್ರಾಂತವು ತನ್ನ ರಾಜಕೀಯ ಕೈದಿಗಳನ್ನು ತುಂಬಲು ಬಳ್ಳಾರಿಯನ್ನು ಬಳಸಿಕೊಂಡಿತು. ಲಾಹೋರಿನಲ್ಲಿ 63 ದಿನಗಳ ಉಪವಾಸದ ನಂತರ ಜತೀನ್ ದಾಸ್ 1929ರ ಸೆಪ್ಟೆಂಬರ್ 13ರಂದು ತೀರಿಕೊಂಡ ಮೇಲೆ ಸರ್ಕಾರ ಎ, ಬಿ, ಸಿ ಎಂಬ ವರ್ಗಗಳನ್ನು ತಂದಿತು. ವರ್ಗವನ್ನು ನಿರ್ಧರಿಸುತ್ತಿದ್ದದ್ದು ಕೈದಿಯ ಸಾಮಾಜಿಕ ಸ್ಥಾನ, ವಿದ್ಯೆ, ಬದುಕಿನ ರೂಢಿ. ಮೊದಲು ಜಾತಿ, ಈಗ ಅಂತಸ್ತು. ಜೈಲಿನ ಸಾಹಿತ್ಯದಲ್ಲಿ ಪುಸ್ತಕ, ಕಾಗದ, ಹಾಲು, ಮಂಚಗಳ ಉಲ್ಲೇಖ ಬಂದಾಗಲೆಲ್ಲ ಬರೆದವರು ಯಾವ ವರ್ಗದಲ್ಲಿದ್ದರೆಂದು ಸಂಶೋಧಕರು ವಿಚಾರಿಸಬೇಕು. ಸಿ ವರ್ಗದವರಿಂದ ಗ್ರಂಥಗಳು ವಿರಳವಾಗಿ ಬಂದದ್ದಕ್ಕೆ ಕಾರಣ ಪ್ರತಿಭೆಯ ಕೊರತೆಯಲ್ಲ.

ಅದೇ ಕಾಲದಲ್ಲಿ ಗೋಡೆಯಿಲ್ಲದ ಇನ್ನೊಂದು ಸೆರೆಯೂ ಇತ್ತು. ಅಪರಾಧಿ ಬುಡಕಟ್ಟುಗಳ ಕಾಯಿದೆಯಡಿ ಬಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿ ವಸತಿಗಳನ್ನು ಮಾಡಿ, ಸುತ್ತ ಬೇಲಿ ಹಾಕಿ, ಹಾಜರಿ ಹಿಡಿದು, ಅಲ್ಲಿದ್ದವರನ್ನು ಗಿರಣಿ ಮುಂತಾದ ಕಡೆ ದುಡಿಸಲಾಯಿತು. ಅಲ್ಲಿ ಹುಟ್ಟುವ ಕೂಸೂ ಪಟ್ಟಿಯೊಳಗೇ ಹುಟ್ಟುತ್ತಿತ್ತು. 1952ರಲ್ಲಿ ಕಾಯಿದೆ ರದ್ದಾಯಿತು. ಹುಬ್ಬಳ್ಳಿಯಲ್ಲಿ ಸೆಟ್ಲಮೆಂಟ್ ಎಂಬ ಬಡಾವಣೆಯ ಹೆಸರು ಮಾತ್ರ ಉಳಿದಿದೆ.

1956ರ ನವೆಂಬರ್ 1ರಂದು ಏಕೀಕರಣವಾದಾಗ ಕನ್ನಡಿಗರೊಂದಿಗೆ ಅವರ ಜೈಲುಗಳೂ ಒಂದಾದವು. ಬೆಳಗಾವಿ, ಬಿಜಾಪುರ, ಧಾರವಾಡ, ಉತ್ತರ ಕನ್ನಡಗಳು ಮುಂಬಯಿಯ ನಿಯಮಗಳನ್ನು ತಂದವು, ದಕ್ಷಿಣ ಕನ್ನಡ, ಕೊಳ್ಳೇಗಾಲಗಳು ಮದರಾಸಿನವನ್ನು, ಕಲಬುರಗಿ, ರಾಯಚೂರು, ಬೀದರಗಳು ನಿಜಾಮನ ಕಾಲದ ಉರ್ದು ದಫ್ತರನ್ನು, ಕೊಡಗು ತನ್ನದನ್ನು, ಹಳೆಯ ಮೈಸೂರು ತನ್ನದನ್ನು. ಒಂದೇ ಸರ್ಕಾರದ ಅಡಿಯಲ್ಲಿ, ಒಂದೇ ಅಪರಾಧಕ್ಕೆ ಶಿಕ್ಷೆ ಪಡೆದ ಇಬ್ಬರು, ಇರುವ ಊರಿಗೆ ತಕ್ಕಂತೆ ಬೇರೆ ಬೇರೆ ನಿಯಮಗಳಿಗೆ ಒಳಪಟ್ಟ ಕಾಲ ಅದು. 1963ರ ಮೈಸೂರು ಕಾರಾಗೃಹ ಕಾಯಿದೆ ಇದನ್ನು ಸರಿಪಡಿಸಿತು. 1973ರಲ್ಲಿ ರಾಜ್ಯದ ಹೆಸರು ಬದಲಾದಾಗ ಕಾಯಿದೆಯ ಹೆಸರೂ ಕರ್ನಾಟಕವೆಂದಾಯಿತು. ಏಕೀಕರಣದ ಹೋರಾಟವನ್ನು ಕುರಿತ ಬರಹಗಳಲ್ಲಿ ಈ ಕಾನೂನು ಏಕೀಕರಣಕ್ಕೆ ಒಂದು ಸಾಲೂ ಸಿಕ್ಕಿಲ್ಲವೆಂಬುದು ನನ್ನ ದೂರು. ಆದರೆ ಕಾಯಿದೆಯ ಒಡಲನ್ನು ನೋಡಿದರೆ 1894ರ ಚೌಕಟ್ಟೇ ಬಹುಪಾಲು ಉಳಿದುಕೊಂಡಿದೆ. ಸಂವಿಧಾನವು ಜೈಲುಗಳನ್ನು ರಾಜ್ಯಪಟ್ಟಿಗೆ ಸೇರಿಸಿ ಸ್ವಂತ ಕಾನೂನು ಬರೆಯುವ ಅವಕಾಶ ಕೊಟ್ಟಿತ್ತು. ನಾವು ಬರೆದುಕೊಂಡದ್ದು ಹಳೆಯ ಪಾಠದ ಹೊಸ ಪ್ರತಿ. ಇದರ ಅಡಿಯಲ್ಲಿ 1974ರಲ್ಲಿ ನಿಯಮಗಳೂ 1978ರಲ್ಲಿ ಕೈಪಿಡಿಯೂ ಬಂದವು.

ಈ ಎರಡು ವರ್ಷಗಳ ನಡುವೆ ತುರ್ತುಪರಿಸ್ಥಿತಿ ಬಂದುಹೋಯಿತು. 1975ರ ಜೂನ್ 26ರಂದು ಸಂಸದೀಯ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಬಂಧಿತರಾಗಿ ಸೆಂಟ್ರಲ್ ಜೈಲಿಗೆ ಹೋದರು. ಅವರ ದಿನಚರಿ, ಕವಿತೆಗಳು ಅಚ್ಚಾಗಿ ದೇಶವೆಲ್ಲ ಓದಿತು. ಅದೇ ಜೈಲಿನ ಇನ್ನೊಂದು ಭಾಗದಲ್ಲಿ ಸ್ನೇಹಲತಾ ರೆಡ್ಡಿ ಇದ್ದರು. ಸಂಸ್ಕಾರ ಚಲನಚಿತ್ರದ ಚಂದ್ರಿಯಾಗಿ ಅವರನ್ನು ಕನ್ನಡಿಗರು ಬಲ್ಲರು. 1976ರ ಮೇ ತಿಂಗಳಲ್ಲಿ ಬಂಧಿತರಾದ ಅವರಿಗೆ ತೀವ್ರವಾದ ಉಬ್ಬಸ. ಎಂಟು ತಿಂಗಳ ಸೆರೆಯ ನಂತರ, ಕೈಮೀರಿದ ಸ್ಥಿತಿಯಲ್ಲಿ, 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಬಿಟ್ಟರು. ಜನವರಿ 20ರಂದು ತೀರಿಕೊಂಡರು. ಅವರನ್ನು ಹಿಡಿಯಲು ಕಾರಣವಾದ ಮೊಕದ್ದಮೆಯ ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಅವರ ಸೆರೆಯ ದಿನಚರಿ ಗಾತ್ರದಲ್ಲಿ ಚಿಕ್ಕದು. ಗಂಡಸರ ಜೈಲು ದಿನಚರಿಗಳನ್ನು ಓದಿದವರು ಇದನ್ನೂ ಓದಬೇಕು. ಹೆಂಗಸರ ವಿಭಾಗವನ್ನು ಒಳಗಿನಿಂದ ಕಂಡು ಬರೆದ ನಮ್ಮ ವಿರಳ ದಾಖಲೆಗಳಲ್ಲಿ ಅದು ಒಂದು.

ತುರ್ತುಪರಿಸ್ಥಿತಿಯ ನಂತರ ಆಳುವವರಿಗೂ ಸೆರೆಯ ಅನುಭವವಿತ್ತು. 1978ರ ಸುನೀಲ್ ಬಾತ್ರಾ ಪ್ರಕರಣದಲ್ಲಿ, ಜೈಲಿನ ಬಾಗಿಲು ದಾಟಿದವನು ಮೂಲಭೂತ ಹಕ್ಕುಗಳನ್ನು ಹೊರಗೆ ಬಿಟ್ಟುಬರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಸಾರಿತು. 1980ರಿಂದ 83ರವರೆಗೆ ಕೆಲಸ ಮಾಡಿದ ನ್ಯಾಯಮೂರ್ತಿ ಮುಲ್ಲಾ ಸಮಿತಿ, ಜೈಲುಗಳಿಗೆಂದೇ ಅಖಿಲ ಭಾರತ ಸೇವೆಯೊಂದು ಬೇಕೆಂದು ಸಲಹೆ ಮಾಡಿತು. ಅದು ಇನ್ನೂ ಆಗಿಲ್ಲ. ಒಂದು ಕಾಲಕ್ಕೆ ವೈದ್ಯರು ಕೂರುತ್ತಿದ್ದ ಮೇಲಿನ ಕುರ್ಚಿಯಲ್ಲಿ ಈಗ ಪೊಲೀಸ್ ಅಧಿಕಾರಿಗಳಿದ್ದಾರೆ. ಇದು ಬರಿಯ ಹುದ್ದೆಯ ಬದಲಾವಣೆಯಲ್ಲ. ವೈದ್ಯ ಸಾವನ್ನು ಎಣಿಸುತ್ತಿದ್ದ, ಪೊಲೀಸ್ ಅಧಿಕಾರಿ ತಪ್ಪಿಸಿಕೊಂಡವರನ್ನು ಎಣಿಸುತ್ತಾನೆ. ಆದರೂ ಒಳ್ಳೆಯದು ಆಗಿಲ್ಲವೆನ್ನಲಾಗದು. ಕಳೆದ ಶತಮಾನದ ಕೊನೆಯಲ್ಲಿ ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟೀಮನಿಯವರು ಬಳ್ಳಾರಿಯ ಜೈಲಿನಲ್ಲಿ ಆರಂಭಿಸಿದ ಕೈದಿಗಳ ರಂಗಭೂಮಿ ಬೇರೆ ಜೈಲುಗಳಿಗೂ ಹಬ್ಬಿತು. ಎಚ್.ಎಸ್. ಶಿವಪ್ರಕಾಶರ ಮಾರನಾಯಕ, ಕಾರ್ನಾಡರ ತಲೆದಂಡಗಳನ್ನು ಜೀವಾವಧಿಯ ಕೈದಿಗಳು ಗೋಡೆಯಾಚೆಯ ರಂಗಮಂದಿರಗಳಿಗೂ ಬಂದು ಆಡಿದರು. ಕೊಲೆಯನ್ನು ಕುರಿತ ಶೇಕ್ಸ್‌ಪಿಯರನ ನಾಟಕವನ್ನು ಕೊಲೆಯ ಶಿಕ್ಷೆ ಅನುಭವಿಸುತ್ತಿರುವವರು ಆಡುವುದನ್ನು ಬರಿಯ ರಂಗವಿಮರ್ಶೆಯ ಪರಿಭಾಷೆಯಲ್ಲಿ ಹೇಳಿ ಮುಗಿಸಲಾಗದು.

2000ದಲ್ಲಿ ಬೆಂಗಳೂರಿನ ಜೈಲು ಪರಪ್ಪನ ಅಗ್ರಹಾರಕ್ಕೆ ಸಾಗಿತು. ಹಳೆಯ ಆವರಣ 2008ರಲ್ಲಿ ಫ್ರೀಡಂ ಪಾರ್ಕ್ ಆಯಿತು. ಒಳಗಿರುವವರ ಸ್ವರೂಪ ಮಾತ್ರ ಬದಲಾಗಲಿಲ್ಲ. ದೇಶದ ಜೈಲುಗಳಲ್ಲಿರುವ ಪ್ರತಿ ನಾಲ್ವರಲ್ಲಿ ಸುಮಾರು ಮೂವರು ಇನ್ನೂ ವಿಚಾರಣೆ ಮುಗಿಯದವರು. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮು, ಮೊದಲ ಬಾರಿಗೆ ಆರೋಪಕ್ಕೊಳಗಾದವನು ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗವನ್ನು ಸೆರೆಯಲ್ಲಿ ಕಳೆದಿದ್ದರೆ, ಘೋರ ಅಪರಾಧಗಳನ್ನು ಬಿಟ್ಟು, ಬಿಡುಗಡೆಗೆ ದಾರಿ ಮಾಡಿದೆ. ಯಾರು ಎಂದು ಒಳಬಂದರು, ಎಷ್ಟು ದಿನ ಕಳೆದರು ಎಂಬ ಲೆಕ್ಕ ಸರಿಯಿದ್ದರೆ ಮಾತ್ರ ಈ ಕಲಮಿಗೆ ಅರ್ಥ. ಹೀಗೆ ಮಾತು ಮತ್ತೆ ದಫ್ತರಿಗೇ ಬರುತ್ತದೆ.

2024ರ ಅಕ್ಟೋಬರ್ 3ರಂದು ಸುಕನ್ಯಾ ಶಾಂತಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ಜಾತಿಯ ಆಧಾರದ ಮೇಲೆ ಜೈಲಿನ ಕೆಲಸ ಹಂಚುವ ನಿಯಮಗಳನ್ನು ಸಂವಿಧಾನಬಾಹಿರವೆಂದು ಘೋಷಿಸಿತು. ಮೂರು ತಿಂಗಳೊಳಗೆ ಕೈಪಿಡಿಗಳನ್ನು ತಿದ್ದಬೇಕೆಂದು ಎಲ್ಲ ರಾಜ್ಯಗಳಿಗೂ ಆದೇಶಿಸಿತು. ಕೈದಿಗಳ ದಾಖಲೆ ಪುಸ್ತಕದಲ್ಲಿ ಜಾತಿಯ ಅಂಕಣವನ್ನೇ ತೆಗೆದುಹಾಕಬೇಕೆಂದಿತು. ಲೋಟಾದ ದಂಗೆಗಳ ನಂತರ ಬರೆದುಕೊಂಡ ನಿಯಮಗಳಿಗೆ ಸುಮಾರು 170 ವರ್ಷಗಳ ಮೇಲೆ ಬಂದ ಉತ್ತರ ಇದು.

ಆದೇಶ ಸರಿಯಾದದ್ದು, ಹೊಸ ಪುಸ್ತಕಗಳಲ್ಲಿ ಆ ಅಂಕಣ ಇರಕೂಡದು. ಹಳೆಯ ಪುಸ್ತಕಗಳ ಮಾತು ಬೇರೆ. ಯಾರನ್ನು ಅಡುಗೆಗೆ ಹಾಕಿದರು, ಯಾರನ್ನು ಕಕ್ಕಸಿಗೆ ಹಾಕಿದರು ಎಂಬುದನ್ನು ಹೆಸರು ಹಿಡಿದು ಹೇಳಬಲ್ಲ ಸಾಕ್ಷಿ ಅವೇ. ಅಳಿಸಬೇಕಾದ ಅಂಕಣವೆಂಬ ನೆಪದಲ್ಲಿ ಅವು ತೂಕಕ್ಕೆ ಮಾರಾಟವಾಗಬಾರದು. 1956ಕ್ಕೆ ಹಿಂದಿನ ಪ್ರವೇಶ ಪುಸ್ತಕಗಳು, ಶಿಕ್ಷಾ ಪುಸ್ತಕಗಳು, ಆಸ್ಪತ್ರೆಯ ದಾಖಲೆಗಳು ರಾಜ್ಯದ ಪತ್ರಾಗಾರವನ್ನು ಸೇರಬೇಕು. ಹೈದರಾಬಾದ್ ಭಾಗದ ಉರ್ದು ಪುಸ್ತಕಗಳನ್ನೂ ಮುಂಬಯಿ ಭಾಗದ ಮೋಡಿ, ಮರಾಠಿ ಪುಸ್ತಕಗಳನ್ನೂ ಓದಬಲ್ಲವರು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಬೆರಳೆಣಿಕೆಯಷ್ಟಿದ್ದಾರೆ. ಪಟ್ಟಿ ಮಾಡುವ ಕೆಲಸ ಅವರಿರುವಾಗಲೇ ಆಗಬೇಕು.